ನಿಮ್ಮ ಸಿಂಪ್ಸನ್ಸ್ ಲೇಖನ: ಪಟ್ಟಿ ಬಿಡಿ, ಬೆಕ್ಕಿನ ಕಥೆ ಹೇಳಿ

ನಮಸ್ಕಾರ. ಅಮೆರಿಕದ 'ದಿ ಸಿಂಪ್ಸನ್ಸ್' ಟಿವಿ ಕಾರ್ಟೂನಿನ ಕಂಟಿನ್ಯೂಟಿ ತಪ್ಪುಗಳ (ಒಂದು ಎಪಿಸೋಡಿಗೂ ಇನ್ನೊಂದಕ್ಕೂ ತಾಳೆಯಾಗದ ವಿವರಗಳ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಆದರೆ ಒಳಗೆ ಒಂದು ಒಳ್ಳೆ ಲೇಖನ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಪಟ್ಟಿ. ಅಣುಸ್ಥಾವರದ ಮಾಲೀಕನ ಸಹಾಯಕ ಸ್ಮಿದರ್ಸ್ 1990ರಲ್ಲಿ ಮೊದಲ ಸಲ ತೆರೆಗೆ ಬಂದಾಗ ಕಪ್ಪು ಮೈಬಣ್ಣದವನು, ಆಮೇಲೆ ಹಳದಿ. ನಿಜ, ಬಣ್ಣ ಹಚ್ಚುವಾಗ ಆದ ಎಡವಟ್ಟು. ಸರಿ, ಮುಂದೆ? ಅದರ ಕೆಳಗೇ ಸಿಂಪ್ಸನ್ ಮನೆಯ ಗಂಡ ಹೆಂಡತಿ ಹೋಮರ್ ಮತ್ತು ಮಾರ್ಜ್ ಪ್ರೇಮಕಥೆ ಬದಲಾದದ್ದನ್ನೂ ಸುಮ್ನೆ ಇನ್ನೊಂದು ತಪ್ಪು ಅನ್ನುವ ಹಾಗೆ ಸೇರಿಸಿದ್ದೀರಿ. ಎರಡೂ ಒಂದೇನಾ?

1991ರ ಎಪಿಸೋಡಿನ ಪ್ರಕಾರ ಅವರಿಬ್ಬರು ಹತ್ತಿರವಾದದ್ದು 1974ರಲ್ಲಿ, ಹೈಸ್ಕೂಲಿನಲ್ಲಿ. 2008ರ ಎಪಿಸೋಡಿನಲ್ಲಿ ನೋಡಿದರೆ ತೊಂಬತ್ತರ ದಶಕದಲ್ಲೂ ಅವರಿಗೆ ಮದುವೆಯಾಗಿಲ್ಲ, ಹೋಮರ್ ಗ್ರಂಜ್ (ಆ ಕಾಲದ ಒಂದು ಬಗೆಯ ರಾಕ್ ಸಂಗೀತ) ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದಾನೆ. 'ಬರೆಯುವವರು ಮರೆತಿದ್ದಾರೆ' ಅಂತ ನಿಮ್ಮ ತೀರ್ಪು. ಮರೆತಿಲ್ಲ ಸ್ವಾಮಿ, ಲೆಕ್ಕ ಹಾಕಿದ್ದಾರೆ. ಹೋಮರ್ ಮಗ ಬಾರ್ಟ್‌ಗೆ ಯಾವಾಗಲೂ ಹತ್ತು ವರ್ಷ. 1990ರಲ್ಲಿ ಹತ್ತು ಅಂದರೆ ಹುಟ್ಟಿದ್ದು 1980ರಲ್ಲಿ. 2008ರಲ್ಲೂ ಹತ್ತೇ ಅಂದರೆ 1998ರಲ್ಲಿ. ಮಗ ದೊಡ್ಡವನಾಗದಿದ್ದರೆ ಅಪ್ಪ ಅಮ್ಮನ ಯೌವನ ಮುಂದಕ್ಕೆ ಜರುಗಲೇಬೇಕು, ಅಲ್ವಾ? ಹಳೆ ಅಭಿಮಾನಿಗಳು ಇದಕ್ಕೆ ಸಿಟ್ಟಾದರು, ಯಾಕಂದರೆ ಆ ಹಳೆ ಎಪಿಸೋಡ್ ನೋಡಿದಾಗಿನ ತಮ್ಮ ವಯಸ್ಸೂ ಅವರಿಗೆ ಅದರ ಜೊತೆ ನೆನಪಿರುತ್ತದೆ. ಆ ಸಿಟ್ಟಿನ ಬಗ್ಗೆ ಎರಡು ಪ್ಯಾರಾ ಬೇಕು. ನಿಮ್ಮಲ್ಲಿ ಅರ್ಧ ಸಾಲೂ ಇಲ್ಲ.

ಇನ್ನು ಬೆಕ್ಕು. ಇಡೀ ಲೇಖನದಲ್ಲಿ ನಾನು ನಕ್ಕಿದ್ದು ಅಲ್ಲಿ ಮಾತ್ರ, ಅದೂ ನನಗೆ ಮೊದಲೇ ಗೊತ್ತಿದ್ದರಿಂದ. ಗೊತ್ತಿಲ್ಲದವರಿಗೆ ನೀವು ಜೋಕ್ ಕೆಡಿಸಿದ್ದೀರಿ: ಮೊದಲು ಬಾರ್ಟ್ ತಂಗಿ ಲಿಸಾಳ ಮಾತು, ಆಮೇಲೆ ವಿವರಣೆ. ತಿರುಗಿಸಿ. 1997ರಲ್ಲಿ ಮಕ್ಕಳ ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್ ನಕಲಿ ಮನುಷ್ಯ, ನಿಜವಾದ ಹೆಸರು ಆರ್ಮಿನ್ ಟ್ಯಾಮ್‌ಜೇರಿಯನ್ ಅಂತ ತೋರಿಸಿದರು. ಕೊನೆಗೆ ಈ ವಿಷಯ ಇನ್ನು ಯಾರೂ ಎತ್ತಬಾರದು, ಎತ್ತಿದರೆ ಚಿತ್ರಹಿಂಸೆ ಅಂತ ಜಡ್ಜ್ ಆಜ್ಞೆ ಮಾಡುತ್ತಾರೆ. ಇಷ್ಟನ್ನು ಮೊದಲ ಪುಟದಲ್ಲೇ ಹೇಳಿ ಸುಮ್ಮನಾಗಿ. ಬೇರೆ ವಿಷಯಕ್ಕೆ ಹೋಗಿ. ಓದುಗರು ಅದನ್ನು ಮರೆತ ಮೇಲೆ 2004ಕ್ಕೆ ಬನ್ನಿ: ಲಿಸಾಳ ಬೆಕ್ಕು ಎರಡನೇ ಸ್ನೋಬಾಲ್ ಸಾಯುತ್ತದೆ, ಆಮೇಲೆ ತಂದ ಎರಡು ಬೆಕ್ಕುಗಳೂ ಸಾಯುತ್ತವೆ, ಕೊನೆಗೆ ಥೇಟ್ ಹಳೆಯದರ ಹಾಗೇ ಇರುವ ಐದನೇ ಸ್ನೋಬಾಲ್ ಸಿಗುತ್ತದೆ. ಹೆಸರು ಬರೆದ ಹೊಸ ಬಟ್ಟಲಿನ ಖರ್ಚು ಯಾಕೆ, ಇದನ್ನೂ ಎರಡನೇ ಸ್ನೋಬಾಲ್ ಅಂತಲೇ ಕರೆಯೋಣ ಅನ್ನುತ್ತಾಳೆ ಲಿಸಾ. ಇದು ಮೋಸ ಅಲ್ಲವಾ ಅಂತ ಸ್ಕಿನ್ನರ್ ಕೇಳುತ್ತಾನೆ. ಹೌದೇನೋ, ಪ್ರಿನ್ಸಿಪಾಲ್ ಟ್ಯಾಮ್‌ಜೇರಿಯನ್ ಅನ್ನುತ್ತಾಳೆ ಅವಳು. ಅವನು ತೆಪ್ಪಗೆ ಜಾಗ ಖಾಲಿ ಮಾಡುತ್ತಾನೆ. ನಮ್ಮ ಧಾರಾವಾಹಿಗಳಲ್ಲಿ ನಟಿ ಬದಲಾದರೆ 'ಇನ್ನು ಮುಂದೆ ಈ ಪಾತ್ರದಲ್ಲಿ' ಅಂತ ಒಂದು ಸಾಲು ಹಾಕಿ ಮುಂದೆ ಹೋಗುತ್ತಾರಲ್ಲ, ಇಲ್ಲಿ ಆ ಸಾಲೇ ಜೋಕ್. ಏಳು ವರ್ಷದ ಹಿಂದೆ ಅಭಿಮಾನಿಗಳಿಂದ ಬೈಗುಳ ತಿಂದ ಸ್ಕಿನ್ನರ್ ಎಪಿಸೋಡನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಇದನ್ನು ತಪ್ಪುಗಳ ಪಟ್ಟಿಗೆ ಹೇಗೆ ಸೇರಿಸಿದಿರಿ?

'ಈ ಶೋನಲ್ಲಿ ಯಾವುದೂ ಉಳಿಯುವುದಿಲ್ಲ' ಎನ್ನುವ ಸಾಲು ತೆಗೆಯಿರಿ. 2000ದಲ್ಲಿ ಸತ್ತ ಪಕ್ಕದ ಮನೆಯ ಮಾಡ್ ಫ್ಲ್ಯಾಂಡರ್ಸ್ ಸತ್ತೇ ಇದ್ದಾಳೆ. ಟೀಚರ್ ಎಡ್ನಾಗೆ ದನಿ ಕೊಟ್ಟಿದ್ದ ಮಾರ್ಸಿಯಾ ವಾಲೇಸ್ 2013ರಲ್ಲಿ ತೀರಿಕೊಂಡಾಗ ಆ ಪಾತ್ರವನ್ನೂ ಕಳಿಸಿಕೊಟ್ಟರು.

ಧಾಟಿಯ ಬಗ್ಗೆಯೂ ಒಂದು ಮಾತು. 1997ರದ್ದೇ ಒಂದು ಎಪಿಸೋಡಿನಲ್ಲಿ ಒಬ್ಬ ಅಭಿಮಾನಿ ಎದ್ದು ನಿಂತು, ಶೋ ಒಳಗಿನ ಕಾರ್ಟೂನೊಂದರಲ್ಲಿ ಅಸ್ಥಿಪಂಜರದ ಒಂದೇ ಪಕ್ಕೆಲುಬಿಗೆ ಎರಡು ಸಲ ಬಡಿದರೆ ಎರಡು ಬೇರೆ ಸ್ವರ ಹೇಗೆ ಬರುತ್ತದೆ ಅಂತ ಗಂಭೀರವಾಗಿ ತಕರಾರು ತೆಗೆಯುತ್ತಾನೆ. ಸದ್ಯಕ್ಕೆ ನಿಮ್ಮ ಲೇಖನ ಆ ಮನುಷ್ಯ ಬರೆದ ಹಾಗಿದೆ. ಅವನನ್ನೂ ಒಳಗೆ ತನ್ನಿ, ನಿಮ್ಮನ್ನೇ ಸ್ವಲ್ಪ ಗೇಲಿ ಮಾಡಿಕೊಳ್ಳಿ.

ನಲವತ್ತು ತಪ್ಪುಗಳಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ಉಳಿಸಬೇಡಿ. ಪ್ರತಿ ಎಪಿಸೋಡಿಗೂ ವರ್ಷ ಹಾಕಿ, ಶೋ ನೋಡದವರೂ ಓದುತ್ತಾರೆ. ತಿದ್ದಿದ್ದನ್ನು ನೇರ ನನಗೇ ಕಳಿಸಿ.