ಅಂಗಳದ ತುಂಬ ಅಡಿಕೆ, ಆಡುವುದೆಲ್ಲಿ?

ಶಿರಸಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಮಗಳ ಬಾಣಂತನಕ್ಕೆ ಸ್ಕಾಟ್ಲೆಂಡಿಗೆ ಹೋದವರು ಚಳಿಗಾಲ ಪೂರ್ತಿ ಅಲ್ಲೇ ಇದ್ದರಂತೆ. ಪಕ್ಕದ ಮನೆಯ ಅಜ್ಜಿ ಇವರನ್ನು ಪ್ರತಿ ಮಂಗಳವಾರ ಊರಿನ ಗಾಲ್ಫ್ ಕ್ಲಬ್ಬಿನ ಹೆಂಗಸರ ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಬರುವಾಗ ಎರಡು ಹಳೇ ಪಟ್ಟರ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಗಾಲ್ಫ್ ಕೋಲು), ಒಂದು ಡಜನ್ ಚೆಂಡು ತಂದರು. ಇನ್ನೂ ನಾಲ್ಕು ಪಟ್ಟರ್ ಊರಿನ ಕಮ್ಮಾರರೇ ಮಾಡಿಕೊಟ್ಟರು. ಅಂಗಳಕ್ಕೆ ಸಗಣಿ ಸಾರಿಸಿ, ತೆಂಗಿನ ಕರಟ ಹೂತು ಚೆಂಡು ಬೀಳಿಸುವ ಒಂಬತ್ತು ಕುಳಿ, ಅಂದರೆ ಹೋಲ್ ಮಾಡಿ, ನವರಾತ್ರಿಗೆ ಹನ್ನೊಂದು ಹೆಂಗಸರು ಆಟ ಶುರು ಮಾಡಿದರು. ಸಂಕ್ರಾಂತಿ ಹೊತ್ತಿಗೆ ಉಳಿದವರು ಮೂವರು. ಫೈನಲ್ ನಡೆಯಲೇ ಇಲ್ಲ. "ಅಲ್ಲಿ ಎಪ್ಪತ್ತು ದಾಟಿದವರು ಡಿಸೆಂಬರ್ ಗಾಳಿಯಲ್ಲಿ ಆಡುತ್ತಾರೆ. ಇಲ್ಲಿ ಇಷ್ಟು ಚಂದದ ಬಿಸಿಲಿದ್ದೂ ನಮ್ಮವರು ಮನೆಬಿಟ್ಟು ಬರುವುದಿಲ್ಲ. ಇದು ಸೋಮಾರಿತನ ಅಲ್ವಾ?" ಎಂದು ಕೇಳಿದ್ದಾರೆ. ಹ್ಯಾಂಡಿಕ್ಯಾಪ್ (ಆಟ ಕಡಿಮೆ ಬರುವವರಿಗೆ ಕೊಡುವ ಹೊಡೆತದ ರಿಯಾಯಿತಿ) ಬಗ್ಗೆ, ಯಾವ ವಾರ ಆಡಬೇಕು ಎನ್ನುವುದರ ಬಗ್ಗೆಯೂ ಕೇಳಿದ್ದಾರೆ. ಕೊನೆಗೊಂದು ತಾಂತ್ರಿಕ ಪ್ರಶ್ನೆ. ಅದಕ್ಕೂ ಬರುತ್ತೇನೆ.

ಪ್ರಿಯ ಅಕ್ಕ,

ಸೋಮಾರಿತನ ಅಲ್ಲ. ಉತ್ತರ ನಿಮ್ಮ ಪತ್ರದ ನಾಲ್ಕನೇ ಪುಟದಲ್ಲೇ ಇದೆ, ನೀವೇ ಬರೆದಿದ್ದೀರಿ. "ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲೆ ಅಂಗಳ ಖಾಲಿ ಸಿಗಲಿಲ್ಲ." ಮತ್ತೆ ಹೇಗೆ ಸಿಗುತ್ತದೆ? ನಿಮ್ಮ ಒಂಬತ್ತು ಹೋಲಿನ ಮೇಲೂ ಚಾಲಿ ಅಡಿಕೆ ಹರವಿ ಕೂತಿದೆ. ಅದು ಒಣಗಲು ಒಂದೂವರೆ ತಿಂಗಳು ಬೇಕು. ಆಡಬೇಕಾದವರು ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಬೆಳಿಗ್ಗೆ ಎದ್ದರೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ, ಆಳುಗಳಿಗೆ ತಿಂಡಿ, ಚಾ. ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದರೆ ಅದರ ಕಡೆ ಒಂದು ಕಣ್ಣು. ಚೊಗರಿನ ಕಲೆ ಹತ್ತಿದ ಕೈಯಲ್ಲಿ ಪಟ್ಟರ್ ಹಿಡಿಯಲಿಲ್ಲ ಅಂತ ಬೈಯುವುದು ನ್ಯಾಯವಲ್ಲ.

ಬೈದಿದ್ದು ನೀವೊಬ್ಬರೇ ಅಲ್ಲ ಅನ್ನಿ. ಕೆಲವು ವರ್ಷದ ಹಿಂದೆ ನಾನು ಮತ್ತು ಗೆಳತಿಯರು ಕಾರವಾರದಲ್ಲಿ ಹೆಂಗಸರ ಥ್ರೋಬಾಲ್ ಪಂದ್ಯ ಇಟ್ಟುಕೊಂಡೆವು. ಜನವರಿ ತಿಂಗಳು, ಭಾನುವಾರ, ಬೆಳಿಗ್ಗೆ ಒಂಬತ್ತು. ಎಲ್ಲರಿಗೂ ರಜೆ ತಾನೇ ಎಂಬ ಲೆಕ್ಕ. ಕಾರವಾರದಲ್ಲಿ ಭಾನುವಾರ ಸಂತೆ ಅನ್ನುವುದು ಊರಲ್ಲೇ ಹುಟ್ಟಿದ ನಮಗೆ ಒಬ್ಬರಿಗೂ ಹೊಳೆಯಲಿಲ್ಲ ನೋಡಿ. ವಾರದ ತರಕಾರಿ, ಮೀನು, ಬಂದ ನೆಂಟರು, ಎಲ್ಲ ಆ ಒಂದೇ ದಿನಕ್ಕೆ. ಎಂಟು ತಂಡ ಬರುತ್ತೇವೆ ಎಂದಿದ್ದರು, ಬಂದಿದ್ದು ಎರಡು. ಮಾಡಿಸಿದ್ದ ಅವಲಕ್ಕಿ ಉಳಿದು ನಾಲ್ಕು ಮನೆಗೆ ಹಂಚಿದೆವು. ನಾನು ಸಿಟ್ಟಿನಲ್ಲಿ "ನಮ್ಮ ಹೆಂಗಸರಿಗೆ ಆಟ ಬೇಡ" ಎಂದು ಒಂದು ಟಿಪ್ಪಣಿ ಬರೆದು ಇದೇ ಪತ್ರಿಕೆಯಲ್ಲಿ ಹಾಕಿದ್ದೆ. ಈಗ ಅದನ್ನು ಓದಿದರೆ ನಾಚಿಕೆಯಾಗುತ್ತದೆ.

ಇನ್ನು ಸ್ಕಾಟ್ಲೆಂಡಿನ ಆ ಅಜ್ಜಿಯರ ವಿಷಯ. ಅವರು ಗಟ್ಟಿಗಿತ್ತಿಯರು, ಇಲ್ಲ ಅನ್ನುವುದಿಲ್ಲ. ಆದರೆ ಚಳಿಗಾಲದಲ್ಲಿ ಅವರು ಬೇಸಿಗೆಯ ಆಟವನ್ನೇ ಆಡುತ್ತಿದ್ದರಾ? ನೆನಪು ಮಾಡಿಕೊಳ್ಳಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಕಾಣುವುದೇ ಎಂಟೂವರೆ ದಾಟಿದ ಮೇಲೆ, ನಾಲ್ಕರೊಳಗೆ ಮುಳುಗಿಯೂ ಆಯಿತು. ನಮಗೆ ಕಾರವಾರದಲ್ಲಿ ವರ್ಷದ ಅತಿ ಚಿಕ್ಕ ದಿನವೂ ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ. ಅಲ್ಲಿ ಹುಲ್ಲು ಹೆಪ್ಪುಗಟ್ಟಿದ್ದಾಗ ಗ್ರೀನ್, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಕಾಲಿಡುವ ಹಾಗೇ ಇಲ್ಲ, ಹುಲ್ಲಿನ ಎಸಳು ಒಳಗಿಂದ ಒಡೆದು ಹೆಜ್ಜೆ ಹೆಜ್ಜೆಗೂ ಕಪ್ಪು ಗುರುತು ಬೀಳುತ್ತದೆ, ಅದು ಮಾಯಲು ವಾರಗಟ್ಟಲೆ ಬೇಕು. ಹಾಗಾಗಿ ಬಿಸಿಲು ಬಂದು ಹಿಮ ಕರಗುವ ತನಕ ಎಲ್ಲರೂ ಚಾ ಕುಡಿಯುತ್ತ ಕೂರುತ್ತಾರೆ. ಕರಗಲಿಲ್ಲ ಅಂದರೆ ಗ್ರೀನ್ ಬಿಟ್ಟು ಇತ್ತಲಾಗೆ ಅಲ್ಲಿಗೆ ಬರುವ ದಾರಿಯ ಫೇರ್‌ವೇ ಹುಲ್ಲಲ್ಲೇ ಒಂದು ತಾತ್ಕಾಲಿಕ ಹೋಲ್ ಕೊರೆಯುತ್ತಾರೆ. ಹದಿನೆಂಟರ ಬದಲು ಒಂಬತ್ತು ಹೋಲ್ ಸಾಕು ಅನ್ನುತ್ತಾರೆ. ಕೆಸರಲ್ಲಿ ಬಿದ್ದ ಚೆಂಡನ್ನು ಎತ್ತಿ, ಒರೆಸಿ, ಪಕ್ಕದಲ್ಲಿ ಇಡಬಹುದು ಎಂದು ಕ್ಲಬ್ಬೇ ನಿಯಮ ಸಡಿಲ ಮಾಡುತ್ತದೆ. ದೊಡ್ಡ ಕಪ್‌ಗಳೆಲ್ಲ ಬೇಸಿಗೆಗೆ. ಚಳಿಗಾಲ ಎಷ್ಟು ಬಿಟ್ಟುಕೊಡುತ್ತದೋ ಅಷ್ಟಕ್ಕೆ ಆಟವನ್ನು ಮಡಚಿಕೊಳ್ಳುತ್ತಾರೆ.

ನೀವು ಮಾಡಿದ್ದು ತದ್ವಿರುದ್ಧ. ಕೊಯ್ಲಿನ ನಡುವೆ ನಾಕೌಟ್ ಪಂದ್ಯ, ಸಂಕ್ರಾಂತಿಗೆ ಫೈನಲ್! ಒಂದು ವಾರ ತಪ್ಪಿದರೆ ಹೊರಗೆ. ಅಂಥ ಪಂದ್ಯದಿಂದ ಮೊದಲು ಹೊರಬೀಳುವುದು ಆಡಲು ಬಾರದವರಲ್ಲ, ಮನೆಯಲ್ಲಿ ಜಾಸ್ತಿ ತೋಟ ಇರುವವರು.

ಚಳಿಗಾಲಕ್ಕೆ ಹೇಳಿ ಮಾಡಿಸಿದ ಪಂದ್ಯ ಒಂದಿದೆ. ಎಕ್ಲೆಕ್ಟಿಕ್ ಅನ್ನುತ್ತಾರೆ. ಬ್ರಿಟನ್ನಿನ ಎಷ್ಟೋ ಕ್ಲಬ್ಬುಗಳ ಹೆಂಗಸರು ಚಳಿಗಾಲ ಪೂರ್ತಿ ಇದನ್ನೇ ನಡೆಸುತ್ತಾರೆ. ನಾನು ಅದನ್ನು ಹೆಕ್ಕುವ ಕಾರ್ಡ್ ಅಂತ ಕರೆಯುತ್ತೇನೆ, ನಿಮ್ಮ ಕಡೆ ತೋಟದಲ್ಲಿ ಅಡಿಕೆ ಹೆಕ್ಕುತ್ತಾರಲ್ಲ, ಹಾಗೆ. ಪ್ರತಿಯೊಬ್ಬರಿಗೂ ಇಡೀ ಸೀಸನ್ನಿಗೆ ಒಂದೇ ಕಾರ್ಡ್, ಅದರಲ್ಲಿ ಒಂಬತ್ತು ಮನೆ. ಮೊದಲ ವಾರ ಆಡಿದಿರಿ, ಮೂರನೇ ಹೋಲಿಗೆ ಐದು ಹೊಡೆತ ಬೇಕಾಯಿತು, ಐದು ಬರೆದಿರಿ. ಆಮೇಲೆ ಎರಡು ವಾರ ಬರಲಾಗಲಿಲ್ಲ, ಪರವಾಗಿಲ್ಲ. ನಾಲ್ಕನೇ ವಾರ ಬಂದಿರಿ, ಅದೇ ಹೋಲ್ ಎರಡೇ ಹೊಡೆತಕ್ಕೆ ಬಿತ್ತು. ಐದು ಹೊಡೆದುಹಾಕಿ ಎರಡು ಬರೆಯಿರಿ. ಮುಂದಿನ ಸಲ ಏಳಾದರೆ ಕಾರ್ಡ್ ಮುಟ್ಟಲೇಬೇಡಿ, ಎರಡು ಹಾಗೇ ಇರುತ್ತದೆ. ಹೀಗೆ ಒಂಬತ್ತೂ ಹೋಲಿನ ನಿಮ್ಮ ಅತ್ಯುತ್ತಮ ಆಟ ಮಾತ್ರ ಕಾರ್ಡಿನಲ್ಲಿ ಉಳಿಯುತ್ತ ಹೋಗುತ್ತದೆ, ಕೊನೆಗೆ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದರು. ಇದರಲ್ಲಿ ಯಾರೂ ಹೊರಗೆ ಬೀಳುವುದಿಲ್ಲ. ವಾರಕ್ಕೊಮ್ಮೆ ಬಂದವರಿಗೆ ಅವಕಾಶ ಸ್ವಲ್ಪ ಜಾಸ್ತಿ, ನಿಜ. ಅದಕ್ಕೆ ಒಬ್ಬರಿಗೆ ಗರಿಷ್ಠ ಆರು ಸುತ್ತು ಎಂದು ಕಟ್ಟು ಹಾಕಿ. ಅರ್ಧ ಗಂಟೆ ಬಿಡುವಾಗಿ ಬಂದವರು ಮೂರೇ ಹೋಲ್ ಆಡಿ ಹೋಗಲಿ ಬಿಡಿ. ಸ್ಕಾಟ್ಲೆಂಡಿನ ಅಜ್ಜಿ ಒಪ್ಪಲಿಕ್ಕಿಲ್ಲ, ಆದರೆ ಅವರು ಅಡಿಕೆ ಸುಲಿದವರಲ್ಲ.

ಜಾಗದ ಮಾತು. ಅಂಗಳ ಅಡಿಕೆಗೆ ಬಿಟ್ಟುಕೊಡಿ, ಅದರ ಜೊತೆ ಜಗಳ ಬೇಡ. ಭತ್ತ ಕೊಯ್ದ ಗದ್ದೆಯ ಒಂದು ಮೂಲೆಯಲ್ಲಿ ಕೂಳೆ ಕಿತ್ತು, ಮಟ್ಟ ಮಾಡಿ, ಕಣಕ್ಕೆ ಸಾರಿಸಿದ ಹಾಗೆ ಸಗಣಿ ಸಾರಿಸಿದರೆ ನಿಮ್ಮ ತಾತ್ಕಾಲಿಕ ಗ್ರೀನ್ ತಯಾರು. ಮೂರು ಕರಟ ಸಾಕು, ಮೂರು ಸುತ್ತು ಬಂದರೆ ಒಂಬತ್ತಾಯಿತು. ಹಸಿರು ಹುಲ್ಲಿಲ್ಲದ ಗಾಲ್ಫ್ ಎಂಥದು ಅಂತ ಯಾರಾದರೂ ನಕ್ಕರೆ, ನೀರಿನ ಬರ ಇರುವ ಊರುಗಳಲ್ಲಿ ಮರಳಿಗೆ ಎಣ್ಣೆ ಕಲಸಿ ಹಾಸಿ ಆಡುತ್ತಿದ್ದರು, ಅದಕ್ಕೆ ಗ್ರೀನ್ ಬದಲು ಬ್ರೌನ್ ಅಂತಲೇ ಹೆಸರು ಎಂದು ಹೇಳಿ. ಕರಟ ಆರಿಸುವಾಗ ಮಾತ್ರ ಅಳತೆ ನೋಡಿ. ಗಾಲ್ಫ್ ಹೋಲಿನ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಚೆಂಡು 43 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ನಮ್ಮ ಕರಾವಳಿಯ ದೊಡ್ಡ ಕಾಯಿಯ ಕರಟ ಹೆಚ್ಚುಕಡಿಮೆ ಸರಿಹೋಗುತ್ತದೆ. ಕಣ್ಣಿರುವ ಅರ್ಧ ಕೆಳಗೆ ಬರಲಿ, ನೀರು ನಿಂತರೆ ಇಳಿದು ಹೋಗಲು ದಾರಿ.

ಬರೀ ಪಟ್ ಮಾಡುವುದನ್ನು ಗಾಲ್ಫ್ ಅನ್ನಬಹುದಾ ಎಂಬ ಸಂಕೋಚ ನಿಮ್ಮ ಪತ್ರದಲ್ಲಿ ಎರಡು ಕಡೆ ಇಣುಕಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೆಂಗಸರ ಗಾಲ್ಫ್ ಕ್ಲಬ್ ಶುರುವಾಗಿದ್ದೇ ಹಾಗೆ. 1867ರಲ್ಲಿ. ಹೆಂಗಸರು ಕೋಲನ್ನು ಭುಜದ ಮೇಲೆ ಎತ್ತಿ ಬೀಸುವುದು ಮರ್ಯಾದೆಯಲ್ಲ ಎನ್ನುವ ಕಾಲ ಅದು. ಸರಿ, ಎತ್ತುವುದಿಲ್ಲ ಎಂದು ಅವರು ಉಬ್ಬು ತಗ್ಗಿನ ಜಾಗ ಹಿಡಿದು ಪಟ್ಟಿಂಗ್ ಆಡಿದರು. ಆ ಜಾಗಕ್ಕೆ ಹಿಮಾಲಯಾಸ್ ಅಂತ ಹೆಸರು, ಇವತ್ತಿಗೂ ಆಡುತ್ತಾರೆ. ಅದೇ ಊರಿನ ಗಂಡಸರ ದೊಡ್ಡ ಕ್ಲಬ್ಬು, 1754ರದ್ದು, ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ. ಕಾಯುತ್ತ ಕೂತಿದ್ದರೆ ಏನಾಗುತ್ತಿತ್ತು ಲೆಕ್ಕ ಹಾಕಿ.

ಹ್ಯಾಂಡಿಕ್ಯಾಪ್. ನಿಮ್ಮ ಸೊಸೆಯೇ ಯಾವಾಗಲೂ ಗೆಲ್ಲುತ್ತಾಳೆ, ಅರವತ್ತೆಂಟರ ಅತ್ತಿಗೆಗೆ ಬೇಜಾರು ಎಂದಿದ್ದೀರಿ. ನಾವು ಚಿಕ್ಕವರಿದ್ದಾಗ ಪುಟ್ಟ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಹ್ಯಾಂಡಿಕ್ಯಾಪ್ ಬಂದಿದ್ದು ಅಂಥವರನ್ನು ಲೆಕ್ಕಕ್ಕೂ ತರಲು. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ, ಕೊನೆಯ 20 ಸುತ್ತಿನಲ್ಲಿ ಚೆನ್ನಾಗಿದ್ದ 8 ತೆಗೆದುಕೊಂಡು ಲೆಕ್ಕ, ಜಾಸ್ತಿ ಅಂದರೆ 54. ನಿಮಗೆ ಅಷ್ಟೆಲ್ಲ ಬೇಡ. ಒಂದು ಹೋಲಿಗೆ ಇಷ್ಟು ಹೊಡೆತ ಸಾಕು ಎಂಬ ಲೆಕ್ಕಕ್ಕೆ ಪಾರ್ ಅನ್ನುತ್ತಾರೆ, ಒಂಬತ್ತು ಹೋಲಿಗೆ ಎರಡೆರಡರಂತೆ ಹದಿನೆಂಟು ಪಾರ್ ಇಟ್ಟುಕೊಳ್ಳಿ. ಸೊಸೆ ಸಾಮಾನ್ಯವಾಗಿ 22ಕ್ಕೆ ಮುಗಿಸುತ್ತಾಳೆ ಅಂದರೆ ಅವಳಿಗೆ ನಾಲ್ಕು ರಿಯಾಯಿತಿ, ಅತ್ತಿಗೆ 34 ಅಂದರೆ ಹದಿನಾರು. ಒಂದು ದಿನ ಸೊಸೆ 22, ಅತ್ತಿಗೆ 32 ಆಡಿದರು ಅನ್ನಿ. ಕಳೆದರೆ 18 ಮತ್ತು 16. ಅತ್ತಿಗೆ ಗೆದ್ದರು. ಮೂರು ವಾರಕ್ಕೊಮ್ಮೆ ಸರಾಸರಿ ಹೊಸದಾಗಿ ಮಾಡಿ. ಹಾಗೆ ಮಾಡಿದರೂ ರಿಯಾಯಿತಿ ಕಡಿಮೆಯಾಗಬಾರದು ಎಂದು ಬೇಕೆಂದೇ ಕೆಟ್ಟದಾಗಿ ಆಡುವವರು ಹುಟ್ಟಿಕೊಳ್ಳುತ್ತಾರೆ. ಎಲ್ಲ ಕ್ಲಬ್ಬುಗಳಲ್ಲೂ ಒಬ್ಬರಾದರೂ ಇರುತ್ತಾರೆ. ನಿಮ್ಮಲ್ಲಿ ಯಾರು ಅಂತ ಪತ್ರ ಓದಿದಾಗಲೇ ನನಗೆ ಗೊತ್ತಾಯಿತು.

ಯಾವ ವಾರ ಅನ್ನುವುದಕ್ಕೆ ನನ್ನದೊಂದು ಹಳೇ ಸಿಟ್ಟು ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಒಂದು ಕ್ಲಬ್ಬಿಗೆ ಅತಿಥಿಯಾಗಿ ಹೋಗುತ್ತಿದ್ದೆ. ಹೆಂಗಸರ ದಿನ ಅಂತ ವಾರದ ಮಧ್ಯೆ ಒಂದು ಬೆಳಿಗ್ಗೆ. ಶನಿವಾರ, ಭಾನುವಾರ ಬೆಳಗಿನ ಹೊತ್ತೆಲ್ಲ ಗಂಡಸರಿಗೆ. ಆಫೀಸಿಗೆ ಹೋಗುವ ನಾನು ಆಡುವುದು ಯಾವಾಗ ಎಂದು ಕೇಳಿದ್ದಕ್ಕೆ, ಹೆಂಗಸರಿಗೆ ವಾರದ ದಿನವೇ ಅನುಕೂಲ ಅಲ್ವಾ ಮೇಡಂ ಎಂದರು. ಇಂಥ ಅನುಕೂಲ ನೀವು ಯಾರಿಗೂ ಮಾಡಬೇಡಿ. ನಿಮ್ಮಲ್ಲಿ ಇಬ್ಬರು ಟೀಚರ್, ಒಬ್ಬರು ಬ್ಯಾಂಕು. ಅವರಿಗೆ ಭಾನುವಾರ, ಉಳಿದವರಿಗೆ ಅವರೇ ಹೇಳಿದ ವಾರ. ಹೆಕ್ಕುವ ಕಾರ್ಡಿಗೆ ಎಲ್ಲರೂ ಒಟ್ಟಿಗೆ ಇರಬೇಕಂತಿಲ್ಲ, ಜೊತೆಗೆ ಒಬ್ಬರು ಸಾಕ್ಷಿ ಇದ್ದರಾಯಿತು.

ಎಲ್ಲರೂ ಸೇರುವ ದೊಡ್ಡ ಪಂದ್ಯ ವರ್ಷಕ್ಕೆ ಎರಡೇ ಇರಲಿ. ಒಂದು ಮಳೆ ಹಿಂದಾದ ಮೇಲೆ, ದೀಪಾವಳಿಯೊಳಗೆ. ಇನ್ನೊಂದು ಅಡಿಕೆ ಚೀಲಕ್ಕೆ ಹೋದ ಮೇಲೆ, ಯುಗಾದಿ ಕಳೆದು. ಮಾರಿಕಾಂಬಾ ಜಾತ್ರೆ ಬರುವ ವರ್ಷ ಫೆಬ್ರವರಿ, ಮಾರ್ಚ್ ಮರೆತುಬಿಡಿ, ಮನೆ ತುಂಬ ನೆಂಟರು ಇಟ್ಟುಕೊಂಡು ಯಾರು ಬರುತ್ತಾರೆ. ಆ ದೊಡ್ಡ ದಿನಕ್ಕೆ ಸ್ಟೇಬಲ್‌ಫೋರ್ಡ್ ಅಂಕ ಬಳಸಿ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಡಾಕ್ಟರು ಮಾಡಿದ್ದು, 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಮೊದಲ ಪಂದ್ಯ ನಡೆಯಿತು. ಪಾರ್‌ಗೆ ಎರಡು ಅಂಕ, ಒಂದು ಹೊಡೆತ ಕಡಿಮೆಯಾದರೆ ಮೂರು, ಒಂದು ಜಾಸ್ತಿಯಾದರೆ ಒಂದು, ಅದಕ್ಕಿಂತ ಜಾಸ್ತಿಯಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದೆ ನಡೆಯಿರಿ. ಒಂದು ಹೋಲ್ ಹಾಳಾದರೆ ದಿನ ಹಾಳಾಗುವುದಿಲ್ಲ, ಹಿಂದೆ ಇರುವವರು ಕಾಯುವುದೂ ತಪ್ಪುತ್ತದೆ.

ಸೊಸೆಗೆ ನಿಜವಾಗಿ ಆಟದ ಹುಚ್ಚು ಹಿಡಿದಿದ್ದರೆ ರಜೆಯಲ್ಲಿ ಒಮ್ಮೆ ಮಂಗಳೂರಿನ ಪಿಲಿಕುಳಕ್ಕೆ ಕರೆದುಕೊಂಡು ಹೋಗಿ ಪೂರ್ತಿ ಗಾಲ್ಫ್ ಮೈದಾನ ತೋರಿಸಿ. 2021ರಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಾಗ, ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ನಮ್ಮಮ್ಮ ಕೂಡ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದರು. ಪದಕ ತಪ್ಪಿದ್ದು ಒಂದೇ ಹೊಡೆತಕ್ಕೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪಟ್ ಮಾಡುವ ದಾರಿಯಲ್ಲಿ ಅಡಿಕೆ ಬಿದ್ದಿದ್ದರೆ ತೆಗೆಯಬಹುದಾ? ತೆಗೆಯಬಹುದು. ಅಡಿಕೆ ನೆಲಕ್ಕೆ ಅಂಟಿಕೊಂಡಿರದ ನೈಸರ್ಗಿಕ ವಸ್ತು, ಅದನ್ನು ಸರಿಸಿದರೆ ದಂಡ ಇಲ್ಲ. ಸರಿಸುವಾಗ ಕೈ ತಾಗಿ ಚೆಂಡು ಅಲುಗಿದರೂ ಗ್ರೀನ್ ಮೇಲಾದರೆ ದಂಡ ಇಲ್ಲ, ವಾಪಸ್ ಅದೇ ಜಾಗಕ್ಕೆ ಇಟ್ಟರಾಯಿತು. ಬೇಯಿಸಿದ ಅಡಿಕೆ ನೈಸರ್ಗಿಕವೋ ಅಲ್ಲವೋ ಎಂದು ಅತ್ತಿಗೆ ವಾದ ಮಾಡಿದರೆ, ಅಲ್ಲದಿದ್ದರೂ ತೆಗೆಯಬಹುದು, ಅದಕ್ಕೆ ಬೇರೆ ನಿಯಮ ಇದೆ ಎಂದು ಹೇಳಿ. ತೆಗೆದ ಅಡಿಕೆ ಮಾತ್ರ ವಾಪಸ್ ರಾಶಿಗೇ ಹಾಕಿ.