ಸಿಂಗಾಪುರದಲ್ಲಿ ಅಮ್ಮನ ಜೊತೆ ಒಂದು ದಿನ ಬಿಡುವಿದೆ, ಎಲ್ಲಿ ಸುತ್ತಾಡಬಹುದು?

ವಿರಾಜಪೇಟೆಯಿಂದ ಅಮ್ಮನನ್ನು ಕರೆದುಕೊಂಡು ಹೊರಟಿದ್ದೀರಿ, ಗಡಿಬಿಡಿ ಬೇಡ, ಸೀರೆಗಾಗುವ ಬಟ್ಟೆ ಸಿಕ್ಕರೆ ಸಾಕು ಅಂದಿದ್ದೀರಿ. ಹಾಗಾದರೆ ಆರ್ಚರ್ಡ್ ರಸ್ತೆಯ ಮಾಲ್‌ಗಳನ್ನು ಬಿಟ್ಟುಬಿಡಿ. ಲಿಟಲ್ ಇಂಡಿಯಾ ಮತ್ತು ಕಾಂಪೊಂಗ್ ಗ್ಲಾಮ್ ಎರಡೇ ಸಾಕು. ನಿಧಾನಕ್ಕೆ ನಡೆದರೂ ಒಂದರಿಂದ ಇನ್ನೊಂದಕ್ಕೆ ಇಪ್ಪತ್ತು ನಿಮಿಷದ ದಾರಿ.

ಅಲ್ಲಿನ ಮೆಟ್ರೊ, ಅಂದರೆ ಎಂಆರ್‌ಟಿ ರೈಲಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಟ್ಟಿದರಾಯಿತು. ಆದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ ಅನ್ನೂ ಊರಲ್ಲೇ ಆನ್ ಮಾಡಿಕೊಳ್ಳಿ; ಗೇಟ್ ತೆರೆಯದೆ ಪೇಚಾಡುವುದು ಬಹುತೇಕ ಇದರಿಂದಲೇ.

ಬೆಳಿಗ್ಗೆ ಲಿಟಲ್ ಇಂಡಿಯಾ ನಿಲ್ದಾಣದ ಪಕ್ಕದ ಟೆಕ್ಕಾ ಸೆಂಟರ್ ಎಂಬ ಮಾರುಕಟ್ಟೆಯ ತಿಂಡಿ ಅಂಗಡಿಗಳಲ್ಲಿ ಒಂದು ಲೋಟ 'ಕೋಪಿ' ಕುಡಿಯಲೇಬೇಕು. ನಮ್ಮ ತೋಟಗಳಲ್ಲಿ ಬೆಳೆಯುವ ರೊಬಸ್ಟಾ ಜಾತಿಯೇ ಹೆಚ್ಚಾಗಿ ಅದಕ್ಕೆ ಹೋಗುವುದು. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿದು, ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಬರೀ 'ಕೋಪಿ' ಅಂದರೆ ಕಂಡೆನ್ಸ್‌ಡ್ ಹಾಲು ಹಾಕಿ ತುಂಬ ಸಿಹಿಯಾಗಿ ಕೊಡುತ್ತಾರೆ. 'ಕೋಪಿ ಓ' ಅಂದರೆ ಸಕ್ಕರೆ ಹಾಕಿದ ಕರಿಕಾಫಿ. 'ಕೋಪಿ ಓ ಕೊಸೊಂಗ್' ಅಂದರೆ ಸಕ್ಕರೆಯೂ ಇರುವುದಿಲ್ಲ. ತಿಂದಾದ ಮೇಲೆ ತಟ್ಟೆ ನೀವೇ ಹಿಂತಿರುಗಿಸಬೇಕು, ಅದು ನಿಯಮ.

ಹನ್ನೊಂದರ ಹೊತ್ತಿಗೆ ಕಾಂಪೊಂಗ್ ಗ್ಲಾಮ್‌ನ ಅರಬ್ ಸ್ಟ್ರೀಟ್ ಕಡೆ ಹೊರಡಿ. ಭಾನುವಾರ ಬೇಡ, ಕೆಲವು ಬಟ್ಟೆ ಅಂಗಡಿಗಳು ಮುಚ್ಚಿರುತ್ತವೆ. ಬಾಟಿಕ್ ಕಂಡರೆ ಮೊದಲು ಮಗುಚಿ ನೋಡಿ. ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿದ್ದಾದರೆ ಎರಡು ಕಡೆಯೂ ಬಣ್ಣ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ; ಪ್ರಿಂಟ್ ಆದರೆ ಹಿಂಬದಿ ಪೇಲವ. ಲುಂಗಿಯಂತೆ ಸುತ್ತುವ ಸರೊಂಗ್ ತುಂಡು ಸುಮಾರು ಎರಡೇ ಮೀಟರ್, ಸೀರೆಗೆ ಸಾಲದು. ಥಾನಿನಿಂದ ಐದೂವರೆ ಮೀಟರ್ ಕತ್ತರಿಸಿಸಿ, ಅದಕ್ಕೂ ಮೊದಲು ಪನ್ನ 44 ಇಂಚಾದರೂ ಇದೆಯೇ ಅಂತ ಅಳೆಸಿ. ಅಮ್ಮ ನೆರಿಗೆಯನ್ನು ಹಿಂದಕ್ಕೆ ಬಿಟ್ಟು ಕೊಡವ ಸೀರೆ ಉಡುವವರಾದರೆ ಮೆತ್ತನೆಯದೇ ಆರಿಸಿ, ಬಿರುಸು ಬಟ್ಟೆ ಉಬ್ಬಿ ನಿಲ್ಲುತ್ತದೆ.

ಅಲ್ಲೇ ಸುಲ್ತಾನ್ ಮಸೀದಿ. ಚಿನ್ನದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪು ಪಟ್ಟಿಯೊಂದು ಕಾಣುತ್ತದಲ್ಲ, ಅದು ಗಾಜಿನ ಬಾಟಲಿಗಳ ತಳ. ಬಡವರೂ ಕಾಣಿಕೆ ಕೊಟ್ಟಂತಾಗಲಿ ಎಂದು ಅವರಿಂದ ಬಾಟಲಿ ಪಡೆದು ಜೋಡಿಸಿದ್ದು. ಅಮ್ಮನಿಗೆ ತಪ್ಪದೆ ತೋರಿಸಿ.

ಕೊಡಗಿನ ತಂಪಿಗೆ ಒಗ್ಗಿದವರನ್ನು ಅಲ್ಲಿನ ಸೆಕೆ ಬೇಗ ಸುಸ್ತು ಮಾಡುತ್ತದೆ. ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ಸಂಜೆ ಲಿಟಲ್ ಇಂಡಿಯಾದ ದೊಡ್ಡ ಅಂಗಡಿ ಮುಸ್ತಫಾ ಸೆಂಟರ್, ಆಮೇಲೆ ರಂಗೂನ್ ರಸ್ತೆಯಲ್ಲಿ ಬಾಕ್ ಕುತ್ ತೇ: ಹಂದಿ ಪಕ್ಕೆಲುಬಿನ ಸಾರು, ಕಾಳುಮೆಣಸಿನ ಖಾರ. ಪಂದಿಕರಿ ತಿಂದು ಬೆಳೆದ ನಾಲಿಗೆಗೆ ಹಿಡಿಸುತ್ತದೆ.

ಬೆಲೆಯಲ್ಲಿ ಶೇ. 9 ಜಿಎಸ್‌ಟಿ ಸೇರಿರುತ್ತದೆ. ಪ್ರವಾಸಿಗರಿಗೆ ಈ ತೆರಿಗೆ ಹಿಂತಿರುಗಿಸುವ ಯೋಜನೆಗೆ ಸೇರಿದ ಅಂಗಡಿಯಲ್ಲಿ ಕನಿಷ್ಠ 100 ಸಿಂಗಾಪುರ ಡಾಲರ್‌ನಷ್ಟು ಕೊಂಡರೆ ಅದು ಶುಲ್ಕ ಕಳೆದು ವಾಪಸ್ ಸಿಗುತ್ತದೆ. ಒಂದೇ ಅಂಗಡಿಯ ಅದೇ ದಿನದ ಮೂರು ಬಿಲ್‌ವರೆಗೆ ಕೂಡಿಸಬಹುದು. ಹಣ ಕೊಡುವಾಗಲೇ ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಬಟ್ಟೆ ದೊಡ್ಡ ಬ್ಯಾಗಿನಲ್ಲಿದ್ದರೆ, ಚಾಂಗಿ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಕೊಡುವ ಮೊದಲೇ ಕಿಯಾಸ್ಕ್‌ನಲ್ಲಿ ಅರ್ಜಿ ಮುಗಿಸಿ. ಕಸ್ಟಮ್ಸ್‌ನವರು ಮಾಲು ತೋರಿಸಿ ಅಂದಾಗ ಬ್ಯಾಗ್ ಒಳಗೆ ಹೋಗಿಬಿಟ್ಟಿದ್ದರೆ ದುಡ್ಡು ಕೈತಪ್ಪಬಹುದು.