ಪ್ರೊಸೆಸರ್ ಬಳಸುವ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಜಾಗ ಖಾಲಿ ಇದ್ದರೂ ಈಗಷ್ಟೇ ಬಳಸಿದ ಡೇಟಾ ಯಾಕೆ ಹೊರಗೆ ಹೋಗುತ್ತದೆ?

ನಿಮ್ಮ ಅನುಮಾನ ಸರಿಯಾಗೇ ಇದೆ. ಬಹಳ ಹೊತ್ತಿನಿಂದ ಮುಟ್ಟದೇ ಇದ್ದದ್ದನ್ನು ಹೊರಹಾಕುವುದು ಎಲ್‌ಆರ್‌ಯು (ಲೀಸ್ಟ್ ರೀಸೆಂಟ್ಲಿ ಯೂಸ್ಡ್) ಪದ್ಧತಿಯ ಕೆಲಸ. ಹಾಗಿದ್ದರೆ ಕ್ಯಾಶ್ ತುಂಬುವ ಮೊದಲೇ ಹೊಸ ಡೇಟಾ ಯಾಕೆ ಹೋಗಬೇಕು, ಅಲ್ವಾ? ನಾನೂ ಇಲ್ಲೇ ಎಡವಿದ್ದೆ. ಎಲ್‌ಆರ್‌ಯು ಇಡೀ ಕ್ಯಾಶನ್ನು ನೋಡುತ್ತದೆ ಅಂದುಕೊಂಡಿದ್ದೆ. ಅದು ನೋಡುವುದು ಒಂದೇ ಒಂದು ಸೆಟ್ಟನ್ನು, ಅಂದರೆ ಕ್ಯಾಶಿನ ಕೆಲವೇ ಜಾಗಗಳ ಒಂದು ಗುಂಪನ್ನು. ಯಾವ ಸೆಟ್ ಅನ್ನುವುದನ್ನು ಮ್ಯಾಪಿಂಗ್, ಅಂದರೆ ಯಾವ ವಿಳಾಸದ ಡೇಟಾ ಎಲ್ಲಿ ಕೂರಬೇಕು ಅನ್ನುವ ನಿಯಮ, ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಲೆಕ್ಕ ಹಾಕಿ ನೋಡಿ. 32 ಕೆಬಿ ಕ್ಯಾಶ್, 64 ಬೈಟಿನ ಲೈನ್ (ಕ್ಯಾಶ್ ಒಂದು ಸಲಕ್ಕೆ ತರುವ ಡೇಟಾದ ತುಂಡು), 8-ವೇ, ಅಂದರೆ ಒಂದು ಸೆಟ್ಟಿನಲ್ಲಿ 8 ಲೈನಿಗೆ ಜಾಗ. ಒಟ್ಟು 512 ಲೈನ್, ಅಂದರೆ 64 ಸೆಟ್, ಒಂದೊಂದರಲ್ಲಿ 8 ಜಾಗ. ವಿಳಾಸದ ಕೊನೆಯ 6 ಬಿಟ್ ಲೈನಿನೊಳಗೆ ಯಾವ ಬೈಟ್ ಅಂತ ಹೇಳುತ್ತವೆ. ಅವುಗಳ ಹಿಂದಿನ 6 ಬಿಟ್ ಯಾವ ಸೆಟ್ ಅಂತ. ಉಳಿದದ್ದೆಲ್ಲ ಟ್ಯಾಗ್, ಸಿಕ್ಕಿದ ಲೈನ್ ನಮಗೆ ಬೇಕಾದದ್ದೇ ಅಂತ ಗುರುತು ಹಿಡಿಯೋಕೆ. ಹೀಗಾಗಿ 4096 ಬೈಟ್ ಅಂತರದಲ್ಲಿರುವ ವಿಳಾಸಗಳೆಲ್ಲ ಒಂದೇ ಸೆಟ್ಟಿಗೆ ಬಂದು ಬೀಳುತ್ತವೆ.

ನಾನು ಸಿಕ್ಕಿಬಿದ್ದದ್ದೂ ಇದರಲ್ಲೇ. 256 ಸಾಲು, 1024 ಕಾಲಮ್ ಇರುವ ಮ್ಯಾಟ್ರಿಕ್ಸ್, ಒಂದೊಂದು ಸಂಖ್ಯೆಗೆ 4 ಬೈಟ್. ಒಂದು ಸಾಲಿಗೆ ಸರಿಯಾಗಿ 4096 ಬೈಟ್! ಕಾಲಮ್ ಪ್ರಕಾರ ಕೂಡಿಸುತ್ತಾ ಹೋದೆ. 256 ಲೈನ್‌ಗಳೂ 8 ಜಾಗಕ್ಕೆ ಕಿತ್ತಾಡಿದವು. ಒಂಬತ್ತನೇ ಸಾಲು ಬರುವಾಗ ಮೊದಲನೆಯದು ಹೊರಗೆ. ಪಕ್ಕದ ಕಾಲಮ್‌ಗೆ ಅದೇ ಲೈನ್ ಬೇಕು, ಆದರೆ ಅದು ಹೋಗಿ ಎಷ್ಟೋ ಹೊತ್ತಾಗಿದೆ. ಉಳಿದ 63 ಸೆಟ್ ಸುಮ್ನೆ ಕೂತಿದ್ದವು.

ಡೈರೆಕ್ಟ್ ಮ್ಯಾಪ್ಡ್ ಆಗಿದ್ದರೆ ಇನ್ನೂ ಕಷ್ಟ: ಒಂದು ಲೈನಿಗೆ ಒಂದೇ ಜಾಗ, ಆರಿಸುವ ಪ್ರಶ್ನೆಯೇ ಇಲ್ಲ. ಎಲ್ಲಿ ಬೇಕಾದರೂ ಕೂರಬಹುದು ಅಂತ ಬಿಟ್ಟರೆ 512 ಟ್ಯಾಗ್‌ಗಳನ್ನೂ ಒಟ್ಟಿಗೆ ಹೋಲಿಸಬೇಕು. ಅಷ್ಟು ಸರ್ಕ್ಯೂಟ್ ಯಾರಿಗೆ ಬೇಕು?

ಇನ್ನು ಎಲ್‌ಆರ್‌ಯು ಬಗ್ಗೆ ನನಗೆ ಅಷ್ಟೇನೂ ಭಕ್ತಿ ಇಲ್ಲ. 8 ಜಾಗದ ಸೆಟ್ಟಿನಲ್ಲಿ 9 ಲೈನ್‌ಗಳನ್ನು ಸರದಿಯಂತೆ ಸುತ್ತಿ ಸುತ್ತಿ ಓದಿ. ಪ್ರತಿ ಸಲವೂ ಮಿಸ್, ಅಂದರೆ ಬೇಕಾದದ್ದು ಕ್ಯಾಶಿನಲ್ಲಿ ಸಿಗುವುದೇ ಇಲ್ಲ. ಇನ್ನೇನು ಬೇಕಾಗುತ್ತದೋ ಅದನ್ನೇ ಅದು ಹೊರಹಾಕುತ್ತದೆ. ಇಂಥ ಕಡೆ ಕಣ್ಣುಮುಚ್ಚಿ ಒಂದನ್ನು ತೆಗೆಯುವ ರ‍್ಯಾಂಡಮ್ ಪದ್ಧತಿಯೇ ವಾಸಿ. ಅದೂ ಅಲ್ಲದೆ, 8 ಲೈನ್‌ಗಳ ಕ್ರಮವನ್ನು ಪೂರ್ತಿ ನೆನಪಿಡಲು 40320 ಸಾಧ್ಯತೆಗಳಿಗೆ ಪ್ರತಿ ಸೆಟ್ಟಿಗೂ 16 ಬಿಟ್ ಬೇಕು. ಅದರ ಬದಲು 7 ಬಿಟ್‌ನ ಮರದಂಥ ರಚನೆ ಇಟ್ಟುಕೊಂಡು ಹೆಚ್ಚುಕಡಿಮೆ ಹಳೆಯದನ್ನು ತೆಗೆಯುವ ವಿಧಾನವೂ ಇದೆ.

ನನ್ನ ಕೋಡ್‌ನಲ್ಲಿ ಪ್ರತಿ ಸಾಲಿನ ಕೊನೆಗೆ 16 ಖಾಲಿ ಸಂಖ್ಯೆ ಸೇರಿಸಿದೆ. ಸಾಲು 4160 ಬೈಟ್ ಆಯಿತು, ಮುಂದಿನ ಸಾಲು ಮುಂದಿನ ಸೆಟ್ಟಿಗೆ ಜಾರಿತು. ಈಗ ಸೆಟ್ಟಿಗೆ 4 ಲೈನ್ ಅಷ್ಟೇ. ಎರಡು ಲೂಪ್‌ಗಳನ್ನು ಅದಲುಬದಲು ಮಾಡಿದ್ದರೆ ಇದೂ ಬೇಕಿರಲಿಲ್ಲ. ಅದು ಹೊಳೆದದ್ದು ಎಲ್ಲಾ ಮುಗಿದ ಮೇಲೆ.